ಹೊಳೆಯ ಮನುಷ್ಯ, ಖಾಡಿಯ ನೀರು

ಇಚಲಕರಂಜಿಯ ಶಹಾಪುರದಲ್ಲಿ ಮಗ್ಗಗಳು ಒಂದೊಂದಾಗಿ ಗುಜರಿ ಪಾಲಾದಾಗ ಕೆಲಸಗಾರರು ದಿಕ್ಕಿಗೊಬ್ಬರಾದರು. ಕೆಲವರು ಶಿರೋಳಿಯ ಫೌಂಡ್ರಿ ಸೇರಿದರು. ಕೇದಾರಿ ಮಾತ್ರ ಗಡಹಿಂಗ್ಲಜದ ಬಸ್ಸು ಹಿಡಿದು, ಘಟ್ಟ ಇಳಿದು, ಕೊಂಕಣದ ಒಂದು ಖಾಡಿಯ ದಂಡೆಗೆ ಹೋದ. ಖಾಡಿಯೆಂದರೆ ಹೊಳೆ ಕಡಲನ್ನು ಕೂಡುವ ಜಾಗ. ಅಲ್ಲಿ ಸಣ್ಣ ದೋಣಿಯಲ್ಲಿ ಮೀನು ಹಿಡಿಯುವ ಕೆಲಸ ಸಿಕ್ಕಿತ್ತು. ಹೆಂಡತಿ ಶಿವವ್ವ, ಮಗಳು ಕಾಜಲ ಶಹಾಪುರದಲ್ಲೇ ಉಳಿದರು.

ಹೊರಡುವಾಗ ಶಿವವ್ವ ಕೇಳಿದ್ದಳು, "ಕಡಲಿನ ಕೆಲಸ ನಿಮಗೇನ ಗೊತ್ತೈತ್ರಿ?"

"ದತ್ತವಾಡದಾಂವ ನಾ. ದೂಧಗಂಗಾ ಹೊಳ್ಯಾಗ ಈಜಿ ಬೆಳದೇನಿ. ನೀರು ಎಲ್ಲಿದ್ದರೂ ನೀರ," ಅಂದಿದ್ದ ಕೇದಾರಿ.

ಅಲ್ಲಿಗೆ ಹೋದ ಮೇಲೆ ಅವನಿಗೆ ತಿಳಿದ ಮೊದಲ ಸಂಗತಿ ಒಂಟಿತನ. ಮಗ್ಗದ ಖಟಖಟ ಕೇಳುತ್ತ ಬದುಕಿದ ಕಿವಿಗೆ ಆ ಬಾಡಿಗೆ ಕೋಣೆಯ ನಿಶ್ಶಬ್ದ ತಿನ್ನಲು ಬಂದಂತಾಗುತ್ತಿತ್ತು. ಮರಾಠಿ ಅವನಿಗೆ ಬರುತ್ತಿತ್ತು, ಆದರೆ ಅಲ್ಲಿಯವರ ಮಾತಿನ ಧಾಟಿಯೇ ಬೇರೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಇವನು ನಗುತ್ತಿದ್ದ. ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ಇದ್ದವಳು ಒಬ್ಬಳೇ, ದೋಣಿಯ ಒಡತಿ ಮಲಕವ್ವ. ಗಡಹಿಂಗ್ಲಜದ ಕಡೆಯ ಹೆಣ್ಣು, ಮೀನುಗಾರನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಹಾಸಿಗೆ ಹಿಡಿದ ಮೇಲೆ ಅವನ ತಮ್ಮನ ಮಗ ಅಭಯ ದೋಣಿ ನಡೆಸುತ್ತಿದ್ದ. ಯಾವಾಗ ಹೊರಡಬೇಕು, ಯಾವಾಗ ತಿರುಗಬೇಕು ಎಲ್ಲ ಅಭಯನ ಲೆಕ್ಕ. ಕೇದಾರಿ ಬಲೆ ಎಳೆಯುತ್ತಿದ್ದ, ಅಷ್ಟೆ. ದಂಡೆಯಲ್ಲಿ ನೀರು ಏರಿ ಇಳಿಯುವುದನ್ನು ಅವನೂ ನೋಡಿದ್ದ. ಆ ನೀರು ಓಟದ ದಿಕ್ಕನ್ನೇ ಬದಲಿಸುತ್ತದೆ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ಒಂದು ದಿನ ಅಭಯ ಮದುವೆಗೆಂದು ಕೊಲ್ಲಾಪುರಕ್ಕೆ ಹೋದ. ಕೇದಾರಿ ಮರುದಿನ ಊರಿಗೆ ಹೊರಡುವವನಿದ್ದ. ತನ್ನ ಕೈಯಿಂದ ಹಿಡಿದ ಮೀನನ್ನು ಕಾಜಲಳಿಗೆ ಒಯ್ಯಬೇಕೆಂಬ ಆಸೆ. ಬೆಳಗ್ಗೆ ಒಬ್ಬನೇ ದೋಣಿ ನೂಕಲು ನಿಂತ.

ಮಲಕವ್ವ ಓಡಿಬಂದಳು. "ತಮ್ಮಾ, ನಿನ್ನೆ ಅಮಾಸಿ ಆಗೈತಿ. ಇವತ್ತ ನೀರಿನ ಜೋರು ಭಾಳ. ಅಭಯ ಬರೂತನಾ ತಡಿ."

"ನೀರ ನೋಡಕ್ಕಾ, ಕಡಲಿಂದ ಒಳಗ ಬರಾಕತ್ತೈತಿ. ಹೋಗೂವಾಗ ಏರು, ಬರೂವಾಗ ಇಳಕಲ. ನಮ್ಮ ಹೊಳ್ಯಾಗ ಹಿಂಗ ಮಾಡ್ತೇವಿ. ದಣಿಯೂದೆಲ್ಲಾ ಹೋಗೂವಾಗ. ಬರೂವಾಗ ಹುಟ್ಟ ಒಳಗಿಟ್ಟ ಕುಂಡ್ರೂದ."

"ಅದು ಹೊಳಿಗೆ ಖರೆ. ಇದು ತಿರುಗೂ ನೀರು. ಸುಮಾರು ಆರು ತಾಸು ಒಳಗ ಬರತೈತಿ, ಅದು ಭರತಿ. ಮತ್ತ ಆರು ತಾಸು ಹೊರಗ ಹೋಗತೈತಿ, ಅದು ಓಹೋಟಿ. ಆವಾಗ ಖಾಡಿ ನೀರೆಲ್ಲಾ ಕಡಲಿಗೆ ಓಡತೈತಿ. ಅಷ್ಟಮಿ ಹತ್ರ ಸಾವಕಾಶ, ಅಮಾಸಿ-ಹುಣ್ಣಿಮಿಗೆ ಹಿಡಿಯಾಕ ಆಗೂದಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೇದಾರಿ ನಕ್ಕು ದೋಣಿ ಹತ್ತಿದ. ಮಲಕವ್ವ ಜೀವರಕ್ಷಕ ಜಾಕೀಟನ್ನು ದೋಣಿಗೆ ಎಸೆದಳು. "ಸಿಕ್ಕೊಂಡ್ರ ಲಂಗರ ಹಾಕು! ನೀರಿನ ಜೋಡಿ ಜಗಳಾ ಆಡಬ್ಯಾಡ!" ಎಂದು ಕೂಗಿದಳು. ಪುಣ್ಯಾತ್ಮ ಆ ಜಾಕೀಟು ಮೆತ್ತಗಿದೆಯೆಂದು ಅದರ ಮೇಲೇ ಕುಳಿತ.

ಖಾಡಿಯ ಬಾಯಿ ದಾಟಿ ಗಾಳ ಹಾಕಿದ. ಒಳ್ಳೆಯ ಮೀನು ಬಿದ್ದವು. ಹೊತ್ತು ನೆತ್ತಿಯಿಂದ ಇಳಿದ ಮೇಲೆ ದಂಡೆಯ ಕಡೆ ಹುಟ್ಟು ಹಾಕತೊಡಗಿದ. ಎಷ್ಟು ಹಾಕಿದರೂ ದಂಡೆಯ ತೆಂಗಿನ ಮರಗಳು ಹತ್ತಿರವಾಗಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದರೆ ಅವು ಸಣ್ಣವಾಗುತ್ತಿದ್ದವು. ನೀರು ತಿರುಗಿತ್ತು. ಹೊರಗೆ ಓಡುವ ನೀರಿಗೆ ಕಡಲ ಗಾಳಿ ಎದುರಾಗಿ, ಖಾಡಿಯ ಬಾಯಲ್ಲಿ ತೆರೆಗಳು ಗೋಡೆಯಂತೆ ಎದ್ದು ನಿಂತಿದ್ದವು.

ಕೇದಾರಿಗೆ ಜೀವ ಬಾಯಿಗೆ ಬಂತು. ಜಾಕೀಟು ತೊಟ್ಟ. ಫೋನಿಗೆ ರೇಂಜ್ ಇರಲಿಲ್ಲ. ರಟ್ಟೆ ಸೋತು ಹುಟ್ಟು ಕೈಜಾರುವ ಹೊತ್ತಿಗೆ ಮಲಕವ್ವನ ಮಾತು ನೆನಪಾಯಿತು. ಲಂಗರ ಬಿಟ್ಟು ಹಗ್ಗವನ್ನು ಉದ್ದಕ್ಕೆ ಸಡಿಲಿಸಿದ. ಹಗ್ಗ ಬಿಗಿಯಿತು, ದೋಣಿ ನಿಂತಿತು.

ಆಮೇಲೆ ಕಾಯುವುದೊಂದೇ. ಸುತ್ತ ನೀರು, ಮೇಲೆ ಬಿಸಿಲು, ಮಾತಿಗೆ ಒಂದು ಹಕ್ಕಿಯೂ ಇಲ್ಲ. ಶಿವವ್ವ ಈಗ ಊಟ ಮುಗಿಸಿ ನೂಲು ಸುತ್ತಲು ಕುಳಿತಿರಬೇಕು ಅಂದುಕೊಂಡ. ತಾನು ಇಲ್ಲಿ ಹೀಗಿರುವುದು ಅವಳಿಗೆ ಗೊತ್ತಿಲ್ಲ. ಮುಳುಗಿದರೂ ಗೊತ್ತಾಗುವುದಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಅವಳಿಗೆ ಅವನು ಯಾವತ್ತೂ ಹೇಳಿಯೇ ಇರಲಿಲ್ಲ. "ಕಾಜಲಾ," ಎಂದು ಒಮ್ಮೆ ಜೋರಾಗಿ ಕರೆದ. ತನ್ನ ದನಿ ಕೇಳಿ ತನಗೇ ಅಳು ಬಂತು.

ಸಂಜೆಯಾಗುತ್ತ ಹಗ್ಗ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ದೋಣಿಯ ಮೂತಿ ತಾನಾಗಿ ಕಡಲಿನ ಕಡೆ ತಿರುಗಿತು. ನೀರು ಒಳಗೆ ಹರಿಯತೊಡಗಿತ್ತು, ತೆರೆಗಳೂ ಕುಳಿತಿದ್ದವು. ಲಂಗರ ಎತ್ತಿದ. ಬೆಳಗಿನಿಂದ ಅವನನ್ನು ಆಡಿಸಿದ ನೀರೇ ಅವನನ್ನು ಮಲಕವ್ವನ ಅಂಗಳದ ಹತ್ತಿರ ತಂದುಬಿಟ್ಟಿತು.

ಆಕೆ ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೆಟ್ಟ ಮ್ಯಾಲ ಬುದ್ಧಿ ಬಂತು ಅಂತಾರ. ನಿನಗ ಕೆಡೂಕಿಂತ ಮದಲ ಬಂತಲ್ಲ, ಸಾಕು ತಮ್ಮಾ."

ಶಹಾಪುರದಲ್ಲಿ ಕತೆ ಕೇಳಿದ ಶಿವವ್ವ ಮೀನನ್ನು ಮುಟ್ಟಲೇ ಇಲ್ಲ. "ಇನ್ನ ಅಲ್ಲಿಗೆ ಹೋಗೂದ ಬ್ಯಾಡ್ರಿ. ಗಂಜಿ ಕುಡದರೂ ಇಲ್ಲೇ ಕುಡಿಯೂಣು."

ಕೇದಾರಿ ಗೋಡೆಯ ಕ್ಯಾಲೆಂಡರ್ ಇಳಿಸಿ ಅವಳ ಮುಂದೆ ಹಿಡಿದ. "ನೋಡು, ಇದು ಅಮಾಸಿ, ಇದು ಹುಣ್ಣಿಮಿ. ಇವುಗಳ ಆಜೂಬಾಜು ಒಬ್ಬನ ಹೋಗೂದಿಲ್ಲ. ನೀರು ತಿರುಗೂ ಹೊತ್ತು ದಿನಾ ಮುಕ್ಕಾಲು ತಾಸು ಸರೀತೈತಿ, ಕೇಳ್ಕೊಂಡ ಹೋಗ್ತೇನಿ. ತಪ್ಪು ನೀರಿಂದಲ್ಲ ಶಿವವ್ವ, ನಂದು."

ಶಿವವ್ವ ಕ್ಯಾಲೆಂಡರನ್ನು ತನ್ನ ಕೈಗೆ ತೆಗೆದುಕೊಂಡಳು. "ಹಂಗಾರ ಒಂದ ಮಾತು. ನೀರು ಯಾವಾಗ ತಿರುಗತೈತಿ, ನೀವು ಯಾವಾಗ ಬರ್ತೀರಿ, ನನಗ ಹೇಳೇ ಹೋಗಬೇಕು. ನಿಮ್ಮ ಫೋನ್ ಬರಲಿಲ್ಲಂದ್ರ ನಾ ಮಲಕವ್ವಗ ಹಚ್ಚತೇನಿ."

"ಹೂಂ," ಅಂದ ಕೇದಾರಿ.

ಈಗ ಬೆಳಗ್ಗೆ ಫೋನಿನಲ್ಲಿ ಅವಳು ಚಹಾ ಆಯಿತೇ ಎಂದು ಮೊದಲು ಕೇಳುವುದಿಲ್ಲ. "ಇವತ್ತ ನೀರು ಎಷ್ಟಕ್ಕ ತಿರುಗತೈತ್ರಿ?" ಎನ್ನುತ್ತಾಳೆ. ಶಹಾಪುರಕ್ಕೂ ಕಡಲಿಗೂ ಎತ್ತಣ ಸಂಬಂಧ! ಆದರೂ ಆ ಅಡಿಗೆಮನೆಯಲ್ಲಿ ಭರತಿಯ ಹೊತ್ತು ಗೊತ್ತಿದೆ. ಖಾಡಿಯ ದಂಡೆಯ ಕೋಣೆಯಲ್ಲಿ ಕೇದಾರಿ ಇಂದಿಗೂ ಒಬ್ಬನೇ. ಆದರೆ ದೋಣಿಯಲ್ಲಿ ಅವನು ಒಬ್ಬನೇ ಅಲ್ಲ.

ಘಟ್ಟ ಇಳಿದು ದೋಣಿ ಹತ್ತುವ ಅಣ್ಣತಮ್ಮಂದಿರೇ, ಹೊಳೆಯಲ್ಲಿ ಕಲಿತ ಲೆಕ್ಕವನ್ನು ಕಡಲಿಗೆ ಒಯ್ಯಬೇಡಿ. ನೀರು ಯಾವಾಗ ತಿರುಗುತ್ತದೆಂದು ದಂಡೆಯವರನ್ನು ಕೇಳಿಯೇ ಹೊರಡಿ. ಜಾಕೀಟು ಮೈಮೇಲಿರಲಿ, ಲಂಗರಕ್ಕೆ ಉದ್ದದ ಹಗ್ಗವಿರಲಿ. ನೀರು ಎಳೆದರೆ ಅದರೊಡನೆ ಸೆಣಸಬೇಡಿ. ಲಂಗರ ಹಾಕಿ, ಫೋನಿಗೆ ರೇಂಜ್ ಇದ್ದರೆ 1554ಕ್ಕೆ ಕರೆ ಮಾಡಿ ಕರಾವಳಿ ಕಾವಲು ಪಡೆಗೆ ತಿಳಿಸಿ. ಹೊರಡುವ ಮೊದಲು ಮನೆಯವರಿಗೂ ಒಂದು ಫೋನ್ ಮಾಡಿ. ಹೋದ ನೀರು ತಿರುಗಿ ಬಂದೇ ಬರುತ್ತದೆ. ಅಲ್ಲಿಯವರೆಗೆ ನೀವು ಕಾಯಿರಿ, ಮನೆಯಲ್ಲಿ ನಿಮಗಾಗಿ ಕಾಯುತ್ತಿದ್ದಾರೆ.