ಗಂಡನನ್ನು ನೋಡಲು ಮುಕ್ಕಾಲು ಗಂಟೆ

ಉತ್ತರ ಧ್ರುವದ ಕಡೆಯ ಹಿಮನಾಡಿನಲ್ಲಿ ಆರ್ಕ್ಟಿಕ್ ಬೇ ಎಂಬ ಊರಿನಿಂದ ಪಾಂಡ್ ಇನ್ಲೆಟ್‌ಗೆ ಇನ್ನೂರ ನಲವತ್ತು ಕಿಲೋಮೀಟರ್. ನಾಯಿಬಂಡಿಯ ಕಾಲದಲ್ಲಿ ಆರು ದಿನದ ಹಾದಿ, ವಿಮಾನದಲ್ಲಿ ಮುಕ್ಕಾಲು ಗಂಟೆ. ಲೀಟಿಯಾಳಿಗೆ ಅಷ್ಟೂ ತಡೆಯುವ ತಾಳ್ಮೆಯಿರಲಿಲ್ಲ. ಎರಡು ವರ್ಷದ ಹಿಂದೆ ಮಂಜುಗಡ್ಡೆ ಬಿರಿದು ಕಡಲಪಾಲಾಗಿದ್ದ ಅವಳ ಗಂಡ ನುತಾರಾಕ್ ಮರಳಿ ಬಂದಿದ್ದ.

ಹಾಗಂತ ತಂಗಿ ರೋಡಾ ಫೋನಿನಲ್ಲಿ ಹೇಳಿದ್ದಳು. "ಅಕ್ಕಾ, ನನ್ನ ಸೊಸೆ ಗಂಡು ಹೆತ್ತಳು ಕಣೇ. ಭಾವನ ಹೆಸರೇ ಇಟ್ಟಿದ್ದೀವಿ. ಬಾ, ನಿನ್ನ ಗಂಡನ್ನ ಎತ್ಕೋ. ಅವನ ಈಟಿ ತರೋದು ಮರೀಬೇಡ, ಅದಿನ್ನು ಅವನದೇ ತಾನೆ!"

ಅವರ ಜನರಲ್ಲಿ ಸತ್ತವರ ಹೆಸರು ಹೊತ್ತ ಮಗು ಎಂದರೆ ಸತ್ತವರೇ. ಅವರನ್ನು ಕರೆಯುತ್ತಿದ್ದಂತೆಯೇ ಮಗುವನ್ನೂ ಕರೆಯಬೇಕು, ಅವರ ವಸ್ತು ಮಗುವಿಗೇ ಸೇರಬೇಕು. ಎರಡು ವರ್ಷ ಯಾವ ಮನೆಯಲ್ಲೂ ನುತಾರಾಕ್‌ನ ಹೆಸರಿಗೆ ಜಾಗ ಸಿಕ್ಕಿರಲಿಲ್ಲ. ಲೀಟಿಯಾ ಸುಮ್ಮನಿರುವ ಹೆಂಗಸೇ? ಊರ ರೇಡಿಯೋದಲ್ಲಿ ಕೂತು, "ನನ್ನ ಗಂಡ ಬಂದಿದ್ದಾನೆ, ನೋಡೋಕೆ ಹೋಗ್ತಿದ್ದೀನಿ" ಎಂದು ಸಾರಿಬಿಟ್ಟಳು. ಯಾರೋ ಮುದುಕಿ ಫೋನ್ ಮಾಡಿ, "ಈ ಸಲನಾದ್ರೂ ಗೊರಕೆ ಬಿಡಿಸೇ!" ಎಂದಳು.

ಲೀಟಿಯಾ ಪಾಂಡ್ ಇನ್ಲೆಟ್‌ನಲ್ಲಿ ಇಳಿದಾಗ ರೋಡಾಳ ಕಣ್ಣು ಮೊದಲು ಹೋದದ್ದು ಅವಳ ಕೈಯಲ್ಲಿದ್ದ ಉದ್ದನೆಯ ಗಂಟಿನ ಮೇಲೆ.

"ಈಟಿ ತಂದ್ಯಾ?"

ಲೀಟಿಯಾ ತಂಗಿಯ ಸೊಸೆಯ ಅಂಗಿಗೆ ಬೆನ್ನ ಹಿಂದೆ ಹೊಲಿದಿದ್ದ ದೊಡ್ಡ ಟೊಪ್ಪಿಗೆಯೊಳಗೆ ಮಲಗಿದ್ದ ಕೂಸಿನತ್ತ ಕೈ ಚಾಚಿದಳು. ಅಷ್ಟರಲ್ಲಿ ಸೊಸೆಯ ತಾಯಿ ಬಂದು ಮಗುವಿನ ಮೂಗಿಗೆ ಮೂಗು ತಾಗಿಸಿದಳು.

"ಅಪ್ಪಾ! ನಮ್ಮಪ್ಪ ಎದ್ದನಾ? ಹಾಲು ಕುಡಿದನೇನೇ?"

"ಅಜ್ಜ ಈಗಷ್ಟೇ ಕುಡಿದ," ಎಂದಳು ಸೊಸೆ.

ಲೀಟಿಯಾಳ ಕೈ ಅಲ್ಲೇ ನಿಂತಿತು. "ಎರಡು ಹೆಸರು ಇಟ್ಟಿದ್ದೀರಾ?"

"ಇಲ್ವಲ್ಲ, ನಮ್ಮಪ್ಪಂದೊಂದೇ. ಬಸುರಿಯಿದ್ದಾಗ್ಲೇ ಮಾತಾಗಿತ್ತು. ಯಾಕಮ್ಮಾ?"

ಲೀಟಿಯಾ ತಂಗಿಯ ಕಡೆ ತಿರುಗಿದಳು.

"ಮುಂದಿನ ಕೂಸಿಗೆ ಇಟ್ರಾಯ್ತು ಬಿಡೇ ಅಕ್ಕಾ," ರೋಡಾ ನೆಲ ನೋಡುತ್ತಾ ಗೊಣಗಿದಳು. "ನನ್ನ ಮಗನಿಗೆ ಒಂದು ಒಳ್ಳೇ ಈಟಿ ಇಲ್ಲ. ಸುಮ್ನೆ ಕೇಳಿದ್ರೆ ನೀನು ಕೊಡ್ತಿದ್ಯಾ?"

"ಕೊಡ್ತಿದ್ದೆ ಕಣೇ. ಒಂದು ಈಟಿ ತಾನೆ? ಅದಕ್ಕೆ ನನ್ನ ಗಂಡನ್ನ ಯಾಕೆ ಎಳೆದು ತಂದೆ?"

ಸೀಲ್ ಚರ್ಮದಲ್ಲಿ ತಾನೇ ಹೊಲಿದಿದ್ದ ಪುಟ್ಟ ಬೂಟುಗಳನ್ನು ಸೊಸೆಯ ಕೈಗಿತ್ತಳು, ಕೂಸಿನ ತಪ್ಪೇನು? ಅರ್ಧ ಗಂಟೆಯಲ್ಲಿ ಅದೇ ವಿಮಾನ ವಾಪಸು ಹೊರಟಿತ್ತು. ಈಟಿಯ ಸಮೇತ ಹತ್ತಿ ಕೂತಳು. ಬೇರೆ ಯಾರೇ ಮಾಡಿದ್ದರೂ ನುಂಗಿಕೊಳ್ಳುತ್ತಿದ್ದಳು, ಇವಳು ಒಡಹುಟ್ಟಿದವಳು. ಊರಿಗೆ ಏನು ಹೇಳುವುದೆಂದು ಯೋಚಿಸಲು ಈಗ ಆರು ದಿನ ಬೇಕಿತ್ತು, ಸಿಕ್ಕಿದ್ದು ಮುಕ್ಕಾಲು ಗಂಟೆ.

ಆರ್ಕ್ಟಿಕ್ ಬೇಯಲ್ಲಿ ವಿಮಾನ ಬಂತೆಂದರೆ ಅರ್ಧ ಊರು ಅಲ್ಲಿರುತ್ತದೆ. ರೇಡಿಯೋಗೆ ಫೋನ್ ಮಾಡಿದ್ದ ಮುದುಕಿಯೇ ಮುಂದೆ ಬಂದಳು.

"ಏನೇ, ಇಷ್ಟು ಬೇಗ ಬಂದೆ? ಹೇಗಿದ್ದಾನೆ ಗಂಡ?"

ಲೀಟಿಯಾ ಈಟಿಯನ್ನು ಗೋಡೆಗೆ ಒರಗಿಸಿ, ಕೈಗವಸು ಕಳಚಿದಳು.

"ಸತ್ತೋದ," ಎಂದಳು. "ಇವತ್ತು ಬೆಳಿಗ್ಗೆ."