ನೀಲಗಂಗವ್ವನ ಬೆರಳು

ನಾನು ಒಂದು ಸಕ್ಷನ್ ಮಷಿನ್. ರೋಗಿಯ ಗಂಟಲಲ್ಲಿ ಸೇರಿದ ಕಫ, ಜೊಲ್ಲು, ರಕ್ತವನ್ನು ಎಳೆದು ಗಾಜಿನ ಬಾಟಲಿಗೆ ತುಂಬುವುದು ನನ್ನ ಕೆಲಸ. ಹೇಳಿಕೊಳ್ಳುವಂಥ ಉದ್ಯೋಗವಲ್ಲ, ಗೊತ್ತು. ಆದರೆ ನನಗೆ ನಾಚಿಕೆ ಅದಕ್ಕಲ್ಲ.

ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನಾನು ಹುಟ್ಟಿದೆ. ಮೋಟಾರು ಕೂರಿಸಿದ ಮಿಸ್ತ್ರಿ ನನ್ನ ಕೊಳವೆಯ ಬಾಯಿಗೆ ಹೆಬ್ಬೆರಳು ಇಟ್ಟು, "ಭಾರೀ ಎಳೀತೈತಿ ನೋಡ್ರಿ ಇದು" ಎಂದ. ಆ ಒಂದು ಮಾತಿಗೆ ಉಬ್ಬಿಹೋದೆ. ನನ್ನ ಸದ್ದೂ ಭಾರಿಯೇ ಇತ್ತು. ಸದ್ದು ಮಾಡಿದಷ್ಟೂ ಕೆಲಸ ಮಾಡಿದಂತೆ ಎಂದು ತಿಳಿದಿದ್ದೆ. ಹಾಗೆ ತಿಳಿದವರು ಮನುಷ್ಯರಲ್ಲೂ ಇದ್ದಾರೆ, ಬಿಡಿ.

ನಾಲ್ಕು ವರ್ಷ ಒಂದು ಹೆರಿಗೆ ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೆ ಹೊಸ ಮಷಿನ್ ಬಂದಾಗ ನನ್ನನ್ನು ಮಲಪ್ರಭಾ ದಂಡೆಯ ಒಂದು ಸಣ್ಣ ಆಸ್ಪತ್ರೆಗೆ ಕೊಟ್ಟರು. ಆಪರೇಷನ್ ಮೇಜಿನ ತಲೆಯ ಹತ್ತಿರ ನನ್ನ ಜಾಗ. ಪೂರ್ತಿ ಅರಿವಳಿಕೆ ಕೊಟ್ಟವರಿಗೆ ಉಸಿರಾಡಲು ಗಂಟಲೊಳಗೆ ಒಂದು ಪೈಪು ಇಳಿಸಿರುತ್ತಾರೆ. ಎಚ್ಚರವಾಗುವಾಗ ಅದನ್ನು ತೆಗೆಯಬೇಕು. ಆ ಗಳಿಗೆಗೆ ಅಲ್ಲೊಂದು ರೂಢಿ ಇತ್ತು. ರೋಗಿ ಪೈಪು ಕಿತ್ತುಕೊಳ್ಳದಿರಲಿ ಎಂದು ಸಹಾಯಕ ಮೌಲಾಸಾಬ ಎರಡೂ ಕೈ ಒತ್ತಿ ಹಿಡಿಯುತ್ತಿದ್ದ. ನರ್ಸಮ್ಮ ಕೆನ್ನೆ ತಟ್ಟುತ್ತ, "ಕಣ್ಣ ಬಿಡ್ರಿ! ಬಾಯಿ ತಗೀರಿ!" ಎಂದು ಕೂಗುತ್ತಿದ್ದರು. ಎಲ್ಲಕ್ಕಿಂತ ಮೇಲೆ ನನ್ನ ಆರ್ಭಟ. ಕೆಟ್ಟವರು ಯಾರೂ ಇರಲಿಲ್ಲ. ಮುಂದಿನ ರೋಗಿ ಬಾಗಿಲಲ್ಲಿ ಕಾಯುತ್ತಿದ್ದರು, ಅಷ್ಟೇ. ಎಚ್ಚರವಾದವರ ಕಣ್ಣಂಚಿನಿಂದ ನೀರು ಇಳಿಯುವುದನ್ನು ದಿನಾ ನೋಡುತ್ತಿದ್ದೆ. ಜೀವ ಉಳಿದ ಸಂತೋಷವೆಂದುಕೊಂಡಿದ್ದೆ.

ಹಿಟ್ಟಿನ ಗಿರಣಿ ನಡೆಸುವ ನೀಲಗಂಗವ್ವನೂ ಹಾಗೆಯೇ ನನ್ನ ಪಕ್ಕದಲ್ಲಿ ಎಚ್ಚರವಾದವಳು. ಆಗ ಪಿತ್ತಕೋಶದ ಕಲ್ಲು. ಎರಡು ವರ್ಷದ ಮೇಲೆ ಮತ್ತೆ ಬಂದಳು. ಕುತ್ತಿಗೆಯ ಗಡ್ಡೆ ಬೆಳೆದು ಉಸಿರಿಗೇ ಅಡ್ಡವಾಗುತ್ತಿತ್ತು. ತೆಗೆಸದಿದ್ದರೆ ಉಳಿಗಾಲವಿಲ್ಲ. ಆದರೂ ಆಕೆಯದು ಒಂದೇ ಹಟ: "ಸತ್ತರೂ ಅಡ್ಡಿಯಿಲ್ಲ, ಆ ಮೇಜಿನ ಮ್ಯಾಲೆ ಮತ್ತ ಮಲಗಂಗಿಲ್ಲ."

ಹೊಸದಾಗಿ ಬಂದಿದ್ದ ಅರಿವಳಿಕೆ ಡಾಕ್ಟರು ಶಕುಂತಲಾ ಆಕೆಯ ಮಂಚದ ಮೇಲೆ ಕುಳಿತರು. ಪಕ್ಕದ ರೋಗಿಯ ಕಫ ತೆಗೆಯಲು ನನ್ನನ್ನೂ ವಾರ್ಡಿಗೆ ತಂದಿದ್ದರು.

"ಯಾಕ್ರೀ ಅವ್ವಾರ?"

"ಎಚ್ಚರಾತ್ರಿ. ಬಾಯಾಗ ಏನೋ ತುರುಕಿತ್ತು, ಮಾತು ಬರವಲ್ದು. ಯಾರೋ ಕೈ ಒತ್ತಿ ಹಿಡದಿದ್ರು. ಕಿವಿ ಹತ್ರ ಏನೋ ಗುರ್ ಅಂತಿತ್ತು. ನನ್ನ ಕೊಲ್ಲಾಕತ್ತಾರ ಅಂತ ತಿಳದೆ."

ಮಷಿನ್‌ಗೆ ಮುಖವಿಲ್ಲ. ಇದ್ದಿದ್ದರೆ ಗೋಡೆಗೆ ತಿರುಗಿಸಿಕೊಳ್ಳುತ್ತಿದ್ದೆ.

ಡಾಕ್ಟರು ನನ್ನನ್ನು ಮುಂದಕ್ಕೆ ಎಳೆದು, "ಆ ಸಪ್ಪಳ ಇದರದು" ಎಂದು ಗುಂಡಿ ಒತ್ತಿದರು. ಸುಮ್ಮನಿರಬೇಕೆನ್ನಿಸಿತು, ಆಗಲಿಲ್ಲ.

ನೀಲಗಂಗವ್ವ ನಕ್ಕುಬಿಟ್ಟಳು. "ಇಷ್ಟನಾ? ನಮ್ಮ ಗಿರಣಿದು ಇದರ ಹತ್ತ ಪಟ್ಟ ಐತಿ." ಆಮೇಲೆ ನಗು ನಿಂತಿತು. "ಆದ್ರ ಅದನ್ನ ಬಂದ್ ಮಾಡೋ ಗುಂಡಿ ನನ್ನ ಕೈಯಾಗ ಇರ್ತೈತ್ರಿ."

ಡಾಕ್ಟರು ಗಂಟಲಿಗೆ ಇಳಿಸುವಂಥದೇ ಒಂದು ಪೈಪು ತರಿಸಿ ಆಕೆಯ ಕೈಗೆ ಕೊಟ್ಟರು. "ಎಚ್ಚರಾದಾಗ ಇದು ಬಾಯಾಗ ಇರ್ತೈತಿ. ಮಾತು ಬರೂದಿಲ್ಲ, ಉಸಿರು ಬರ್ತೈತಿ. ನೀವು ಬೆರಳ ಎತ್ರಿ, ನಾ ಮಷಿನ್ ಬಂದ್ ಮಾಡ್ತೀನಿ."

"ಖರೇನ?"

"ಖರೇನ."

ಅರ್ಧ ನಂಬಿಕೆಯಲ್ಲೇ ಆಕೆ ಮೇಜು ಹತ್ತಿದಳು. ಗಡ್ಡೆ ತೆಗೆದ ಮೇಲೆ, ಇನ್ನೂ ಗಾಢ ನಿದ್ದೆಯಲ್ಲಿರುವಾಗಲೇ ನನ್ನಿಂದ ಗಂಟಲು ಸ್ವಚ್ಛ ಮಾಡಿಸಿ ಆರಿಸಿಬಿಟ್ಟರು. ತಲೆಯ ಕಡೆ ಮೇಜನ್ನು ಎತ್ತರಿಸಿದರು. ನರ್ಸಮ್ಮ ಕೂಗಲಿಲ್ಲ. ಮೌಲಾಸಾಬ ಆಕೆಯ ಅಂಗೈ ಕೆಳಗೆ ತನ್ನ ಅಂಗೈ ಇಟ್ಟ, ಒತ್ತಲಿಲ್ಲ. ಡಾಕ್ಟರ ದನಿ ಒಂದೇ ಕೇಳುತ್ತಿತ್ತು: "ನೀಲಗಂಗವ್ವಾರ, ಆಪರೇಷನ್ ಮುಗೀತು. ಬಾಯಾಗ ಸ್ವಲ್ಪ ಜೊಲ್ಲೈತಿ, ತಗೀತೀನಿ."

ನನ್ನನ್ನು ಚಾಲೂ ಮಾಡಿದರು. ಬೆರಳು ಮೇಲೆದ್ದಿತು.

ತಕ್ಷಣ ನನ್ನನ್ನು ಆರಿಸಿದರು. ರೋಗಿಯ ಮಾತಿಗೆ ನಾನು ನಿಂತದ್ದು ಅದೇ ಮೊದಲು. ಆಕೆ ನಾಲ್ಕು ಉಸಿರು ಎಳೆದುಕೊಂಡು, ತಾನಾಗಿಯೇ ಬೆರಳು ಇಳಿಸಿದಳು. ಉಳಿದ ಕೆಲಸ ಮುಗಿಯಿತು, ಪೈಪು ಹೊರಬಂತು. ಕೆಮ್ಮಿ, ಗೊಗ್ಗರು ದನಿಯಲ್ಲಿ ಆಕೆ ಅಂದದ್ದು ಒಂದೇ ಮಾತು: "ಬಂದ್ ಮಾಡಿದ್ರಿ." ಕಣ್ಣು ಒಣಗಿಯೇ ಇದ್ದವು.

ಈಗ ನನ್ನ ಮೋಟಾರು ಸುಟ್ಟಿದೆ. ಉಗ್ರಾಣದಲ್ಲಿ ಮುರಿದ ಮಂಚಗಳ ಸಂದಿಯಲ್ಲಿ ಬಿದ್ದಿದ್ದೇನೆ. ಆರ್ಭಟವಿಲ್ಲದ್ದರಿಂದ ಹಳೆಯದೆಲ್ಲ ಸ್ಪಷ್ಟವಾಗಿ ನೆನಪಾಗುತ್ತದೆ. ಮೌಲಾಸಾಬನ ಮುಷ್ಟಿಯೊಳಗೆ ಎಷ್ಟು ಜನರ ಬೆರಳು ಮಿಸುಕಾಡುತ್ತಿದ್ದವು! ನಾನು ನೋಡಿದ್ದೆ. ಅವೂ ನನಗೆ ನಿಲ್ಲು ಎಂದೇ ಹೇಳುತ್ತಿದ್ದವು.