ಇವತ್ತು ಯಾವ ಎಲೆ

ನೀರು ಕುದಿಯುವ ಮುಂಚೆ ಒಂದು ಗುನುಗು ಏಳುತ್ತದೆ, ತಳದಲ್ಲಿ ಯಾರೋ ಜಪಕ್ಕೆ ಕೂತ ಹಾಗೆ, ಇನ್ನು ಒಲೆ ಆರಿಸಬೇಕು, ಎಲೆ ಹಾಕಿ ತಟ್ಟೆ ಮುಚ್ಚಬೇಕು — ಎಲೆ ಕುದಿಸ್ಬೇಡ ಕಣಮ್ಮ, ಅದರ ಉಸಿರೆಲ್ಲ ಸೂರಿಗೆ ಹೋಗುತ್ತೆ, ನಿಂಗುಳಿಯೋದು ಬರೀ ಹಸಿರು ನೀರು, ಎನ್ನುತ್ತಿದ್ದರು ಅತ್ತೆ, ಹಿತ್ತಲಿನ ಗಿಡಗಳೆಲ್ಲ ಅವರ ಕೈಯವೇ, ಮಣ್ಣು ಒಂದೇ, ನೀರೂ ಒಂದೇ, ಒಂದೊಂದು ಎಲೆಗೂ ಬೇರೆ ಬೇರೆ ಪರಿಮಳ ಯಾರು ಹೇಳಿಕೊಟ್ಟರೋ, ನೆನೆದರೆ ಸೊಸೆಯ ಮೈ ಈಗಲೂ ಜುಮ್ಮೆನ್ನುತ್ತದೆ, ಆ ಅತ್ತೆಯ ಮಗನಿಗೇ, ಅವಳ ಗಂಡನಿಗೇ, ಜ್ವರ ಬಿಟ್ಟ ಮೇಲೆ ಮೂಗು ಸತ್ತುಹೋಗಬೇಕೇ, ಮನೆಯದೇ ಬೇಕರಿಯ ಭಟ್ಟಿಯ ಮುಂದೆ ಬೆಳೆದು ವಾಸನೆಯಲ್ಲೇ ಬ್ರೆಡ್ಡಿನ ಹದ ಹಿಡಿಯುತ್ತಿದ್ದವನಿಗೆ, ಟ್ರೇಗಟ್ಟಲೆ ಕರಕಲಾಗುತ್ತಿದ್ದರೂ ಪಕ್ಕದಲ್ಲೇ ನಿಂತು ಶಿಳ್ಳೆ ಹಾಕುತ್ತಿದ್ದನಂತೆ, ಅಣ್ಣಾ, ಮೂಗು ಸರಿಹೋಗೋವರೆಗೂ ಮನೇಲಿರು, ಎಂದ ಮೈದುನ, ಈ ಮೂಗು ಈಗ ಕನ್ನಡಕ ಕೂರಿಸೋ ಗೂಟ ಕಣೆ, ಎಂದು ನಕ್ಕ ಗಂಡ, ಅಂದಿನಿಂದ ದಿನಕ್ಕೊಂದು ಎಲೆಯ ಚಹಾ, ಇವತ್ತು ಯಾವ ಎಲೆ ಹೇಳಿ ನೋಡೋಣ, ದಿನವೂ ಸರಿಯಾಗೇ ಹೇಳುತ್ತಿದ್ದ, ಅವಳು ಹಿಗ್ಗುತ್ತಿದ್ದಳು, ನಿನ್ನೆ ಬಟ್ಟೆ ಒಣಹಾಕುವಾಗ ಕಂಡಿತು — ಹಲ್ಲುಜ್ಜುವ ನೆಪದಲ್ಲಿ ಬಗ್ಗಿ, ಯಾವ ಗಿಡದ ತುದಿ ಹೊಸದಾಗಿ ಮುರಿದಿದೆ ಎಂದು ನೋಡುತ್ತಿದ್ದಾನೆ, ಕಳ್ಳ, ಅವಳ ಸಂತೋಷಕ್ಕೆಂದೇ ಕಳ್ಳ, ಸಿಟ್ಟು ಬರಲಿಲ್ಲ, ಮೂಗಿಗೆ ಏನಾದರೂ ತಿಳಿಯುತ್ತದೋ ಇಲ್ಲವೋ ನೋಡಿಬಿಡಬೇಕೆನಿಸಿತು, ಅದಕ್ಕೇ ಇವತ್ತು ದೊಡ್ಡಪತ್ರೆಯ ತುದಿಯನ್ನು ಎದ್ದು ಕಾಣುವಂತೆ ಚಿವುಟಿ ಸೆರಗಿನಲ್ಲಿ ಅಡಗಿಸಿದ್ದಾಳೆ, ತಟ್ಟೆಯ ಕೆಳಗಿರುವುದು ಪೊದೆಯ ನಡುವಿನಿಂದ ಎಳೆದ ನಿಂಬೆಹುಲ್ಲು, ಇದು ಮೋಸವೇ ದೇವರೇ, ಇರಲಿ, ದೊಡ್ಡಪತ್ರೆ ಎಂದರೆ ನಕ್ಕು ಹೌದೆನ್ನಬೇಕು, ಇನ್ನು ಕೇಳಲೇಬಾರದು, ಭಟ್ಟಿಗೆ ಬೇರೆ ಯಾರನ್ನಾದರೂ ನೋಡ್ಕೊಳ್ಳಪ್ಪ ಎಂದು ಮೈದುನನಿಗೆ ಹೇಳಿಬಿಡಬೇಕು —

ಸೋಸಿ ಸ್ಟೀಲ್ ಲೋಟ ಮುಂದಿಟ್ಟು ಇವತ್ತು ಯಾವ ಎಲೆ ಎಂದಳು, ದೊಡ್ಡಪತ್ರೆ, ಅದನ್ನೇನು ಕೇಳ್ತೀಯೆ, ಎಂದ ಊದುತ್ತ, ಹೌದೆನ್ನಲು ಅವಳ ಬಾಯಿ ತೆರೆದಿದೆ, ಲೋಟ ತುಟಿಗೆ ತಂದವನು ಅಲ್ಲೇ ನಿಲ್ಲಿಸಿದ, ಮೂಗಿನ ಹೊಳ್ಳೆ ಒಂದಿಷ್ಟು ಅಲುಗಿತು, ತಾಳು, ಅಲ್ಲ ಕಣೆ, ಮುರಿದಿರೋದೇನೋ ದೊಡ್ಡಪತ್ರೇನೇ, ಆದ್ರೆ ಇದರಲ್ಲಿ ಏನೋ, ನಿಂಬೆ ಸಿಪ್ಪೆ ಉಗುರಲ್ಲಿ ಗೀರಿದ ಹಾಗೆ, ಎಲ್ಲೋ ದೂರದಲ್ಲಿ, ಆ ಹುಲ್ಲಲ್ವೇನೆ ಇದು — ತನ್ನ ಕಳ್ಳತನ ತಾನೇ ಒದರಿದ್ದು ಅವನಿಗೆ ತಿಳಿಯಲೂ ಇಲ್ಲ, ಎಷ್ಟು ಸಣ್ಣ ದಾರಿಯಲ್ಲಿ ಬರುತ್ತೀಯಪ್ಪಾ ದೇವರೇ, ಒಂದು ಹುಲ್ಲಿನ ಎಸಳು ಹಿಡಿದು, ಕೈಮುಗಿಯಬೇಕು, ಕೈ ಏಳುತ್ತಿಲ್ಲ, ಮೈದುನ, ಭಟ್ಟಿ, ಅತ್ತೆ ಎಲ್ಲ ಹಿಂದೆ ಸರಿದವು, ಹಬೆ, ಹಬೆಯೊಳಗೆ ಆ ಹೊಳ್ಳೆ, ಈಗಷ್ಟೇ ಹುಟ್ಟಿದ ಕರುವಿನ ಮೂಗಿನಂತೆ ಒದ್ದೆ, ಅರಳುತ್ತದೆ, ಮುಚ್ಚುತ್ತದೆ, ಅರಳುತ್ತದೆ, ಹಬೆ, ಆ ಹೊಳ್ಳೆ, ಅರಳುತ್ತದೆ